ಪದವಿ ತರಗತಿಯ ಇತಿಹಾಸ ಪತ್ರಿಕೆಗಳ ರಚನಾಶಾಸ್ತ್ರ

ಪದವಿ ತರಗತಿಯ ಇತಿಹಾಸ ಪತ್ರಿಕೆಗಳನ್ನು ಯೋಜಿಸಿ, ಜೋಡಿಸಿ, ಜಾರಿಗೊಳಿಸುವ ವಿದ್ಯೆಗೆ ಪಾಠಪಟ್ಟಿ ಮೀಮಾಂಸೆ ಎಂದು ಹೆಸರು. ಇದರ ಮೂಲಸೂತ್ರ ಒಂದೇ: ಭೂತಕಾಲದ ಉದ್ದವನ್ನು ನಿರ್ಧರಿಸುವುದು ವೇಳಾಪಟ್ಟಿ. ವಿಜಯನಗರ 1336ರಿಂದ ಮೂರು ಶತಮಾನ ಬಾಳಿತು ಎಂಬುದು ಶಾಸನಗಳ ಲೆಕ್ಕ. ಹನ್ನೆರಡು ಗಂಟೆ ಬಾಳಿತು ಎಂಬುದು ವಿಶ್ವವಿದ್ಯಾಲಯದ ಲೆಕ್ಕ. ಎರಡಕ್ಕೂ ವಿರೋಧ ಬಂದಾಗ ಎರಡನೆಯದೇ ಪ್ರಮಾಣ.

ಈ ಶಾಸ್ತ್ರದ ಆದಿಪುರುಷ ಜೇಮ್ಸ್ ಮಿಲ್. ಭಾರತಕ್ಕೆ ಒಮ್ಮೆಯೂ ಬಾರದೆ, ಇಲ್ಲಿನ ಒಂದು ಭಾಷೆಯನ್ನೂ ಕಲಿಯದೆ, 1817ರಲ್ಲಿ ಬ್ರಿಟಿಷ್ ಇಂಡಿಯಾದ ಇತಿಹಾಸ ಬರೆದು, ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂದು ಕಾಲವನ್ನು ಮೂರು ತುಂಡು ಮಾಡಿದ ಮಹನೀಯ ಇವನು. ಮುಂದೆ ಆ ತುಂಡುಗಳಿಗೆ ಪ್ರಾಚೀನ, ಮಧ್ಯಕಾಲೀನ, ಆಧುನಿಕ ಎಂಬ ಸಭ್ಯ ಹೆಸರುಗಳು ಬಂದವು. ಮಿಲ್‌ನ ವಿಂಗಡಣೆಯನ್ನು ಖಂಡಿಸುವುದು ಮೊದಲ ಘಟಕದ ಮೊದಲ ಪಾಠ; ಅದೇ ವಿಂಗಡಣೆಯಂತೆ ನಡೆಯುವುದು ಉಳಿದೆಲ್ಲ ಪಾಠ. ಇದಕ್ಕೆ ಸೈದ್ಧಾಂತಿಕ ಕಾರಣ ಹುಡುಕಬೇಕಾಗಿಲ್ಲ. ಬಿ.ಎ. ಮೂರು ವರ್ಷದ್ದು, ಯುಗಗಳೂ ಮೂರು. ಇಷ್ಟು ಚೊಕ್ಕಟವಾದ ಹೊಂದಾಣಿಕೆಯನ್ನು ಕೆಡಿಸುವ ಧೈರ್ಯ ಯಾವ ಅಧ್ಯಯನ ಮಂಡಳಿಗೂ ಬರಲಿಲ್ಲ.

ಕೆಡಿಸಿದ್ದು ರಾಷ್ಟ್ರೀಯ ಶಿಕ್ಷಣ ನೀತಿ. ಕರ್ನಾಟಕದಲ್ಲಿ 2021–22ರಿಂದ ನಾಲ್ಕು ವರ್ಷದ ಆನರ್ಸ್ ಪದವಿ ಬಂದಾಗ, ನಾಲ್ಕನೆಯ ವರ್ಷಕ್ಕೆ ಯುಗವೇ ಉಳಿದಿರಲಿಲ್ಲ. ಭವಿಷ್ಯವನ್ನು ಇತಿಹಾಸ ವಿಭಾಗಕ್ಕೆ ಬಿಟ್ಟುಕೊಡಲು ಅರ್ಥಶಾಸ್ತ್ರದವರು ಒಪ್ಪುವಂತಿರಲಿಲ್ಲ. ಆದ್ದರಿಂದ ಆ ಜಾಗಕ್ಕೆ ಸಂಶೋಧನಾ ವಿಧಾನವನ್ನು ತಂದು ಕೂರಿಸಲಾಯಿತು. ಇತಿಹಾಸವೆಲ್ಲ ಮುಗಿದ ಮೇಲೆ ಅದನ್ನು ತಿಳಿಯುವ ಬಗೆಯನ್ನು ಕಲಿಸುವ ಏರ್ಪಾಡಾಯಿತು. ಅದಕ್ಕಿಂತ ಸೂಕ್ಷ್ಮವಾದ ತೊಡಕು ನಡುವೆ ಹೊರಬೀಳುವ ಸೌಲಭ್ಯದಿಂದ ಹುಟ್ಟಿತು. ಒಂದು ವರ್ಷ ಓದಿದವರಿಗೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ. ಪಾಠ ಕಾಲಾನುಕ್ರಮದಲ್ಲಿ ನಡೆದರೆ, ಸರ್ಟಿಫಿಕೇಟ್ ಪಡೆದು ಮನೆಗೆ ಹೋದವನ ಪಾಲಿಗೆ ವಿಜಯನಗರ ಇನ್ನೂ ಸ್ಥಾಪನೆಯಾಗಿಲ್ಲ. ಡಿಪ್ಲೊಮಾದವನ ಪಾಲಿಗೆ ದೇಶಕ್ಕೆ ಸ್ವಾತಂತ್ರ್ಯ ಬಂದಿಲ್ಲ. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024–25ರಿಂದ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿದ್ದರಿಂದ ಈ ಸಮಸ್ಯೆ ತಾನಾಗಿಯೇ ಬಗೆಹರಿಯಿತು, ಮಿಲ್ ಮತ್ತೆ ನೆಮ್ಮದಿಯಾದ.

ಪಾಠಪಟ್ಟಿಯ ಉತ್ಪತ್ತಿಸ್ಥಾನ ಅಧ್ಯಯನ ಮಂಡಳಿಯ ಸಭೆ. ಅಲ್ಲಿಂದ ನಿಕಾಯಕ್ಕೆ, ನಿಕಾಯದಿಂದ ವಿದ್ಯಾವಿಷಯಕ ಪರಿಷತ್ತಿಗೆ ಅದರ ಪ್ರಯಾಣ. ಸಭೆಯ ಮೊದಲ ಕಲಾಪ ಹಿಂದಿನ ಸಭೆಯ ನಡಾವಳಿಯ ದೃಢೀಕರಣ. ಹಿಂದಿನ ಸಭೆಯಲ್ಲಿ ನಡೆದದ್ದೇನು ಎಂಬ ಬಗ್ಗೆ ಹತ್ತು ಮಂದಿ ಇತಿಹಾಸಕಾರರಲ್ಲಿ ಒಮ್ಮತ ಮೂಡುವ ಹೊತ್ತಿಗೆ ಕಾಫಿ ಬಂದಿರುತ್ತದೆ. ಮುಖ್ಯ ತೀರ್ಮಾನಗಳೆಲ್ಲ ಆಗುವುದು ಕಟ್ಟಕಡೆಯ ‘ಅಧ್ಯಕ್ಷರ ಅನುಮತಿಯ ಮೇರೆಗೆ ಇತರ ವಿಷಯಗಳು’ ಎಂಬ ಬಾಬಿನಲ್ಲಿ, ಹೊರಊರಿನ ಸದಸ್ಯರು ಟಿಎ-ಡಿಎ ಫಾರಂ ತುಂಬುತ್ತಿರುವಾಗ.

ಪರಿಷ್ಕರಣೆಯ ವಿಧಾನದಲ್ಲಿ ಎರಡು ಪಂಥಗಳಿವೆ. ಸ್ಥಳಾಂತರ ಪಂಥದವರು ಮೂರನೆಯ ಘಟಕವನ್ನು ಎರಡಕ್ಕೂ ಎರಡನೆಯದನ್ನು ನಾಲ್ಕಕ್ಕೂ ಸಾಗಿಸುತ್ತಾರೆ. ನಾಮಾಂತರ ಪಂಥ ಇನ್ನೂ ಮಿತವ್ಯಯಿ: ‘ಮೌರ್ಯರು’ ಎಂದಿದ್ದದ್ದು ಒಂದು ಪರಿಷ್ಕರಣೆಯಲ್ಲಿ ‘ಮೌರ್ಯ ಯುಗ’, ಮುಂದಿನದರಲ್ಲಿ ‘ಮೌರ್ಯ ಪ್ರಭುತ್ವದ ಸ್ವರೂಪ’, ಅದರ ಮುಂದಿನದರಲ್ಲಿ ‘ಮೌರ್ಯರು: ಮರುಓದು’ ಆಗುತ್ತದೆ. ಅಶೋಕ ಮಾತ್ರ ನಾಲ್ಕರಲ್ಲೂ ಕಳಿಂಗ ಯುದ್ಧ ಮುಗಿಸಿ ಪಶ್ಚಾತ್ತಾಪ ಪಡುತ್ತಾನೆ.

ತೆಗೆದುಹಾಕುವ ಪಂಥ ಎಂಬುದೊಂದು ಏಕೆ ಹುಟ್ಟಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಕಾರ್ಯಭಾರದಲ್ಲಿದೆ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರೂ ಪ್ರಾಧ್ಯಾಪಕರೂ 14 ಗಂಟೆ ಪಾಠ ಮಾಡಬೇಕು. ನಾಲ್ಕು ಗಂಟೆಯ ಪತ್ರಿಕೆಯೊಂದು ಬಿದ್ದುಹೋದರೆ ಒಬ್ಬರ ಕಾರ್ಯಭಾರದಲ್ಲಿ ಕಾಲು ಭಾಗ ಹೋಯಿತು. ಖಾಯಂ ನೌಕರರಾದರೆ ಬೇರೆ ಊರಿಗೆ ನಿಯೋಜನೆ, ಅತಿಥಿ ಉಪನ್ಯಾಸಕರಾದರೆ ಮನೆಗೆ. ಹೀಗಾಗಿ ರಾಜವಂಶಗಳನ್ನು ಇಂದು ಬದುಕಿಸಿರುವುದು ಸೈನ್ಯವೂ ಅಲ್ಲ, ಕಂದಾಯವೂ ಅಲ್ಲ. ಗಂಗರು ಪಾಠಪಟ್ಟಿಯಿಂದ ಹೊರಬಿದ್ದರೆ, ಹತ್ತು ತಿಂಗಳ ಗೌರವಧನದ ಮೇಲೆ ಸಂಸಾರ ನಡೆಸುವ ಒಬ್ಬ ಅತಿಥಿ ಉಪನ್ಯಾಸಕರೂ ಹೊರಬೀಳುತ್ತಾರೆ. ಶಾಸ್ತ್ರದ ಬೇರೆ ಯಾವ ಪ್ರಕರಣಕ್ಕಿಂತ ಇಲ್ಲಿ ಹೆಚ್ಚು ತರ್ಕವಿದೆ ಎಂದು ಒಪ್ಪಬೇಕು.

ರಾಜವಂಶಗಳ ಗಾತ್ರಕ್ಕೆ ಇನ್ನೊಂದು ನಿಯಮವಿದೆ: ರಾಜಧಾನಿಗೂ ಕುಲಸಚಿವರ ಕಚೇರಿಗೂ ಇರುವ ದೂರ ಹೆಚ್ಚಿದಂತೆ ಪುಟ ಕಡಿಮೆಯಾಗುತ್ತದೆ. ಆಳುಪರು ಕರಾವಳಿಯಲ್ಲಿ ಸಾಮ್ರಾಟರು. ಘಟ್ಟ ಹತ್ತಿದ ಕೂಡಲೇ ಐದು ಅಂಕದ ಟಿಪ್ಪಣಿ. ಮಳಖೇಡ ಕಲಬುರಗಿ ಜಿಲ್ಲೆಯಲ್ಲೇ ಇರುವುದರಿಂದ ರಾಷ್ಟ್ರಕೂಟರು ಅಲ್ಲಿ ನಿಶ್ಚಿಂತರು. ಕೆಳದಿಯವರಿಗೆ ಶಿವಮೊಗ್ಗ, ಕಿತ್ತೂರಿಗೆ ಧಾರವಾಡ ಆಸರೆ. ಹತ್ತಿರದಲ್ಲಿ ವಿಶ್ವವಿದ್ಯಾಲಯವಿಲ್ಲದ ಪಾಳೆಯಗಾರರ ಸ್ಥಿತಿ ಶೋಚನೀಯ.

ಪ್ರತಿ ವಂಶದ ಕೊನೆಯಲ್ಲಿ ‘ಸಾಮಾಜಿಕ, ಆರ್ಥಿಕ, ಧಾರ್ಮಿಕ ಸ್ಥಿತಿಗತಿ’ ಎಂಬ ಶೀರ್ಷಿಕೆ ಕಡ್ಡಾಯ. ಕೃಷಿ ಪ್ರಧಾನ ವೃತ್ತಿಯಾಗಿತ್ತು, ವ್ಯಾಪಾರ ಅಭಿವೃದ್ಧಿ ಹೊಂದಿತ್ತು, ಅರಸರು ಪರಧರ್ಮಸಹಿಷ್ಣುಗಳಾಗಿದ್ದರು ಎಂಬ ಮೂರು ವಾಕ್ಯ ಕಲಿತ ವಿದ್ಯಾರ್ಥಿ ಕದಂಬರಿಂದ ಹೊಯ್ಸಳರವರೆಗೆ ಹತ್ತು ಶತಮಾನವನ್ನು ಹೆದರದೆ ದಾಟಬಲ್ಲ. ರೈತರು, ಹೆಂಗಸರು, ಕುಶಲಕರ್ಮಿಗಳು ಇವೇ ವಾಕ್ಯಗಳಲ್ಲಿ ವಾಸವಾಗಿದ್ದಾರೆ. ಅವರಿಗಾಗಿಯೇ ಮೀಸಲಾದ ಘಟಕವೊಂದೂ ಇದೆ, ಅದು ಐದನೆಯದು. ಐದನೆಯ ಘಟಕದ ಹೊತ್ತಿಗೆ ಯುವಜನೋತ್ಸವ, ಕ್ರೀಡಾಕೂಟ, ಚುನಾವಣಾ ಕರ್ತವ್ಯಗಳು ಮುಗಿದು ಸೆಮಿಸ್ಟರೂ ಮುಗಿದಿರುತ್ತದೆ.

ಐಚ್ಛಿಕ ಪತ್ರಿಕೆಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಶಾಸನಶಾಸ್ತ್ರ, ಪುರಾತತ್ತ್ವ, ಪ್ರವಾಸೋದ್ಯಮ, ಹಸ್ತಪ್ರತಿಶಾಸ್ತ್ರ ಎಂದು ಪಟ್ಟಿ ಉದ್ದವಾಗಿರುತ್ತದೆ. ಹೋಟೆಲಿನ ಬೋರ್ಡಿನಲ್ಲಿ ಹದಿನೈದು ತಿಂಡಿ ಬರೆದು ಒಳಗೆ ಉಪ್ಪಿಟ್ಟು ಮಾತ್ರ ಇರುವಂತೆ, ವಿದ್ಯಾರ್ಥಿ ಕೊನೆಗೆ ಆಯ್ದುಕೊಳ್ಳುವುದು ಆ ಹೊತ್ತಿಗೆ ಬಿಡುವಾಗಿರುವ ಉಪನ್ಯಾಸಕರನ್ನು ಮತ್ತು ಖಾಲಿ ಇರುವ ಕೊಠಡಿಯನ್ನು.

ಕಲಿಕಾ ಫಲಿತಗಳ ಪ್ರಕರಣ ತೀರ ಈಚಿನದು. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲೇ ನೆಲೆಸಿರುವ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ತಂಡ ಬರುವ ಮುನ್ನ ಪ್ರತಿ ಪತ್ರಿಕೆಗೂ ಫಲಿತಗಳನ್ನು ಬರೆದು, ಕೋಷ್ಟಕದಲ್ಲಿ ಹೊಂದಿಸಿ, ಫೈಲು ಮಾಡಿಡಬೇಕು. ಇದಕ್ಕೆ ಆಧಾರ ಬೆಂಜಮಿನ್ ಬ್ಲೂಮ್ 1956ರಲ್ಲಿ ಕಟ್ಟಿದ ಕಲಿಕೆಯ ಮೆಟ್ಟಿಲುಗಳು. 2001ರ ಪರಿಷ್ಕರಣೆಯಲ್ಲಿ ನೆನಪಿಡುವುದು ಕೆಳಗಿನ ಮೆಟ್ಟಿಲು, ಸೃಷ್ಟಿಸುವುದು ತುತ್ತತುದಿಯದು. ಇತರ ಶಾಸ್ತ್ರಗಳಿಗೆ ಇದು ಶೋಭಿಸುತ್ತದೆ. ಇತಿಹಾಸದ ವಿದ್ಯಾರ್ಥಿ ಆಕರಗಳನ್ನು ಸೃಷ್ಟಿಸತೊಡಗಿದರೆ ಅದಕ್ಕೆ ಬೇರೆ ಕಾನೂನಿದೆ. ಗಂಗರ ತಾಮ್ರಪಟಗಳಲ್ಲಿ ಹಲವು ಖೋಟಾ ಎಂದು ಶಾಸನತಜ್ಞ ಫ್ಲೀಟ್ ಸಾಧಿಸಿದ. ಇನ್ನೊಬ್ಬ ಶಾಸನತಜ್ಞ ರೈಸ್ ಅದನ್ನು ಒಪ್ಪಲಿಲ್ಲ. ಬ್ಲೂಮ್ ದೃಷ್ಟಿಯಿಂದ ನೋಡಿದರೆ, ಆ ಪಟಗಳನ್ನು ಕೊರೆದವರು ಯಾವ ನ್ಯಾಕ್ ಒತ್ತಡವೂ ಇಲ್ಲದೆ ಅತ್ಯುನ್ನತ ಕಲಿಕಾ ಫಲಿತವನ್ನು ಮುಟ್ಟಿದ್ದರು.

ಪರಾಮರ್ಶನ ಗ್ರಂಥಗಳ ಪಟ್ಟಿಯಲ್ಲಿ ನೀಲಕಂಠ ಶಾಸ್ತ್ರಿ, ಪಿ.ಬಿ. ದೇಸಾಯಿ, ಸೂರ್ಯನಾಥ ಕಾಮತ್ ಇರಲೇಬೇಕು. ಇವು ಗಟ್ಟಿ ಪುಸ್ತಕಗಳು. ಗ್ರಂಥಾಲಯದ ಪ್ರತಿಗಳು ಇಂದಿಗೂ ಹೊಸದಾಗಿಯೇ ಇರುವುದು ಬೈಂಡಿಂಗಿನ ಗುಣದಿಂದ ಮಾತ್ರವಲ್ಲ. ಪಟ್ಟಿಯಲ್ಲಿ ಎಂದೂ ಕಾಣಿಸಿಕೊಳ್ಳದ, ಆದರೆ ಎಲ್ಲರ ಬ್ಯಾಗಿನಲ್ಲೂ ಇರುವ ಗ್ರಂಥ ಗೈಡು. ಪರಿಷ್ಕೃತ ಪಾಠಪಟ್ಟಿ ಪರಿಷತ್ತಿನ ಒಪ್ಪಿಗೆ ಪಡೆದು ಕಾಲೇಜು ತಲುಪುವಾಗ ಮೊದಲ ಆಂತರಿಕ ಪರೀಕ್ಷೆಯ ಬ್ಲೂ ಬುಕ್‌ಗಳು ತಿದ್ದಿ ಮುಗಿದಿರುತ್ತವೆ. ಅಷ್ಟರಲ್ಲಿ ಹೊಸ ಪಠ್ಯಕ್ರಮದ ಗೈಡು ಅಂಗಡಿಗೆ ಬಂದಾಗಿರುತ್ತದೆ. ಹೊದಿಕೆ ಹೊಸದು, ಬೆಲೆ ಹೊಸದು. ವಿಜಯನಗರ ಸೋತ 1565ರ ಯುದ್ಧದ ಕಾರಣಗಳು ಮತ್ತು ಪರಿಣಾಮಗಳು ಹತ್ತು ಅಂಕಕ್ಕೆ ಹಳೆಯ ಪುಟಸಂಖ್ಯೆಯಲ್ಲೇ ಇರುತ್ತವೆ, ಮತ್ತು ಆ ಪ್ರಶ್ನೆ ಈ ವರ್ಷವೂ ಬರುತ್ತದೆ.