ಯಾವುದಕ್ಕೆ ಯಾವುದು ತಾಗುತ್ತದೋ

ಬೇತಮಂಗಲದಲ್ಲಿ ಯಾರಿಗೇ ಜ್ವರ ಬರಲಿ, ಮನೆಯವರು ಥರ್ಮಾಮೀಟರ್ ಹುಡುಕುವ ಮೊದಲು ಕೇಳುವ ಪ್ರಶ್ನೆ ಒಂದೇ: "ಎಲ್ಲಿಗೋಗಿದ್ದೆ?" ರೋಗವೆನ್ನುವುದು ಹೊರಗಿನಿಂದಲೇ ಬರಬೇಕು ಎನ್ನುವುದರಲ್ಲಿ ನಮ್ಮವರಿಗೆ ಎಳ್ಳಷ್ಟೂ ಅನುಮಾನವಿಲ್ಲ. ಗಾಳಿ ಸೋಕಿರಬೇಕು, ಥಂಡಿ ಹಿಡಿದಿರಬೇಕು, ನೀರು ಬದಲಾಗಿರಬೇಕು. ಇದ್ಯಾವುದೂ ಅಲ್ಲವೆಂದರೆ ಮುಸ್ಸಂಜೆಯಲ್ಲಿ ಕೆರೆ ಕಟ್ಟೆ ಮೇಲೆ ಬರುವಾಗ ಯಾರದೋ ಕಣ್ಣು ಬಿದ್ದಿರಬೇಕು. ಕಣ್ಣಿಗಾದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಘಾಟು ಬರದಿದ್ದರೆ ದೃಷ್ಟಿ ಜೋರಾಗಿಯೇ ತಾಗಿದೆ ಎಂದರ್ಥ. ಘಾಟು ಬಂದರೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ, ಆಗ ಜ್ವರದವನ ಮೇಲಿನ ಗಮನ ತಪ್ಪಿ ಅವನು ಸ್ವಲ್ಪ ಸುಧಾರಿಸಿಕೊಳ್ಳುತ್ತಾನೆ.

ನನ್ನ ಅನುಮಾನವೇ ಬೇರೆ. ಅದೇ ಕಟ್ಟೆ, ಅದೇ ಮುಸ್ಸಂಜೆ, ಅದೇ ಗಾಳಿ. ಜೊತೆಗೆ ನಡೆದು ಬಂದ ಇನ್ನೂ ನಾಲ್ಕು ಜನ ಮನೆಗೆ ಹೋಗಿ ಮುದ್ದೆ ಉಂಡು ಗೊರಕೆ ಹೊಡೆದರು. ಇವನೊಬ್ಬನಿಗೇ ಯಾಕೆ ಸೋಕಿತು? ಗಾಳಿಯನ್ನು ಬೈಯುವುದು ಸುಲಭ, ಅದು ತಿರುಗಿ ಮಾತಾಡುವುದಿಲ್ಲ. ಸೋಕಿಸಿಕೊಂಡವನ ಒಳಗೆ ಏನಿತ್ತು ಎಂದು ಕೇಳಿದಿರೋ, ಮನೆಯಲ್ಲಿ ಜಗಳ.

ಈ ವಿಷಯದಲ್ಲಿ ನನಗೆ ಅಕ್ಷರಾಭ್ಯಾಸ ಮಾಡಿಸಿದ್ದು ರೇಷ್ಮೆ ಹುಳು. ಸೋದರತ್ತೆಯ ಮನೆಯಲ್ಲಿ ಹುಳು ಸಾಕುತ್ತಿದ್ದರು. ಹುಳುವಿನ ಮನೆಯ ಮಡಿ ದೇವರ ಮನೆಗೂ ಇರಲಿಲ್ಲ. ದೇವರಿಗೆ ಊದುಬತ್ತಿ ನಡೆಯುತ್ತದೆ, ಹುಳುವಿಗೆ ನಡೆಯುವುದಿಲ್ಲ. ಒಗ್ಗರಣೆಯ ಘಾಟು ಆ ಕಡೆ ಸುಳಿಯಬಾರದು. ಬೀಡಿ ಸೇದಿ ಬಂದವನು ಅಂಗಳದಲ್ಲೇ ನಿಲ್ಲಬೇಕು. ಕಾಲೇಜು ಸೇರಿದ ಹೊಸದರಲ್ಲಿ ಸೆಂಟು ಬಳಿದುಕೊಂಡು ಹೋದ ನನ್ನನ್ನು ಅತ್ತೆ ಹೊಸ್ತಿಲಲ್ಲೇ ತಡೆದರು. "ಅಲ್ಲೇ ನಿಲ್ಲಪ್ಪ. ಹುಳ ಮೂರನೇ ಜ್ವರದಿಂದ ಈಗ ಎದ್ದೈತೆ. ನಿನ್ ವಾಸನೆಗೆ ಸೊಪ್ಪು ಬಿಟ್ಟುಬಿಡ್ತಾವೆ." ಆ ಸೆಂಟು ಕಾಲೇಜಿನಲ್ಲಿ ಯಾರ ಮೇಲೂ ಯಾವ ಪರಿಣಾಮವನ್ನೂ ಬೀರಿರಲಿಲ್ಲ. ಹುಳುವಾದರೂ ಲೆಕ್ಕಕ್ಕೆ ತೆಗೆದುಕೊಂಡಿತಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಹುಳುವಿನ ಜ್ವರ ರೋಗವಲ್ಲ. ಮೊಟ್ಟೆಯೊಡೆದು ಬಂದದ್ದು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಸೊಪ್ಪು ಬಿಟ್ಟು, ತಲೆಯೆತ್ತಿ, ಧ್ಯಾನಕ್ಕೆ ಕೂತ ಹಾಗೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ 'ಜ್ವರಕ್ಕೆ ಕೂತಿದೆ' ಎನ್ನುತ್ತಾರೆ. ಎದ್ದ ಮೇಲೆ ಮೈಮೇಲೆ ಹೊಸ ಚರ್ಮ, ಇನ್ನೂ ಹಸಿ, ಇನ್ನೂ ಸಡಿಲ. ಮುಂದೆ ಬೆಳೆಯಲು ಆ ಸಡಿಲ ಬೇಕೇಬೇಕು. ರೋಗಕ್ಕೂ ಅದೇ ಹೊತ್ತು ಬೇಕು. ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಎಲ್ಲವೂ ಹೊಂಚು ಹಾಕುತ್ತಿರುತ್ತವೆ. ಅದಕ್ಕೇ ಜ್ವರದಿಂದ ಎದ್ದ ಕೂಡಲೇ ಸೊಪ್ಪು ಹಾಕುವ ಮೊದಲು ವಿಜೇತ ಪುಡಿಯನ್ನು ತೆಳ್ಳಗೆ ಉದುರಿಸುತ್ತಾರೆ. ಇನ್ನು ಊಜಿ ನೊಣ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದದ್ದು ಇವತ್ತಿಗೂ ಹಿಂದಿರುಗಿಲ್ಲ. ಹುಳುವಿನ ಮೈಮೇಲೆ ಒಂದು ಮೊಟ್ಟೆ ಇಟ್ಟು ಹೋಗುತ್ತದೆ, ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಮಚ್ಚೆಯೊಂದು ಉಳಿಯುತ್ತದೆ. ಅತ್ತೆ ಕಿಟಕಿಗೆಲ್ಲ ಬಲೆ ಬಡಿಸಿ, ಬಾಗಿಲಿಗೂ ಬಲೆಯ ಪರದೆ ಬಿಟ್ಟಿದ್ದರು. ಮಾವ ಬಂದರೂ ನೊಣ ಬಂದಂತೆಯೇ ನೋಡುತ್ತಿದ್ದರು.

ಇದರಲ್ಲೊಂದು ಸ್ವಾರಸ್ಯವಿದೆ. ನಮ್ಮ ಹಳೆಯ ಮೈಸೂರು ತಳಿ ಗಟ್ಟಿಪಿಂಡ. ಬಿಸಿಲು, ಧೂಳು, ಒಣಗಿದ ಸೊಪ್ಪು ಎಲ್ಲವನ್ನೂ ಸಹಿಸಿಕೊಂಡು ಹಸಿರು ಮಿಶ್ರಿತ ಹಳದಿ ಗೂಡು ಕಟ್ಟುತ್ತದೆ. ಆದರೆ ಅದರ ಎಳೆ ಸುಮಾರು 400 ಮೀಟರಿಗೆ ಮುಗಿಯಿತು. ಆಮೇಲೆ ಬಂದ ಬೈವೋಲ್ಟೀನ್ ತಳಿಗಳು ಬೆಳ್ಳಗಿನ ಗೂಡಿನಲ್ಲಿ 1000 ಮೀಟರು ದಾಟಿಸುತ್ತವೆ, ಆದರೆ ಸೀನಿದರೆ ಮಲಗುತ್ತವೆ. ಶಾಖ 25 ಡಿಗ್ರಿಯ ಆಸುಪಾಸಿನಲ್ಲಿರಬೇಕು, ತೇವ ಹೆಚ್ಚಬಾರದು, ಸೊಪ್ಪು ತಾಜಾ ಇರಬೇಕು. ಹೆಚ್ಚು ರೇಷ್ಮೆ ಕೊಡುವುದಕ್ಕೇ ಹೆಚ್ಚು ತಾಗುತ್ತದೆ. ಊರಿನ ಬುದ್ಧಿವಂತ ಹುಡುಗರಿಗೇ ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ಕೆಡುತ್ತದೆ. ನಮ್ಮಂಥ ಮೈಸೂರು ತಳಿಯವರು ಆ ದಿನವೂ ಬಂಗಾರಪೇಟೆಗೆ ಹೋಗಿ ಪಾನಿಪುರಿ ತಿಂದು ಬಂದವರು. ಅಲ್ಲಿನ ಪಾನಿಗೆ ಬಣ್ಣವೇ ಇಲ್ಲ, ಬರೀ ನೀರಿನ ಹಾಗೆ ತಿಳಿಯಾಗಿರುತ್ತದೆ. ಕಿವಿಯಲ್ಲಿ ಹೊಗೆ ಬರುವವರೆಗೂ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಹಾಗಾದರೆ ಗಟ್ಟಿಯಿದ್ದದ್ದು ಬಚಾವೇ? ಕೆಜಿಎಫ್‌ನ ಹಳಬರನ್ನು ಕೇಳಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿನ ಬಂಡೆಗಿಂತ ಗಟ್ಟಿಯಾದದ್ದು ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ತಲೆಯ ಮೇಲೆ ಅಷ್ಟೊಂದು ಭೂಮಿಯ ಭಾರ ಹೊತ್ತು ಅದು ಕೋಟ್ಯಂತರ ವರ್ಷ ಉಸಿರೆತ್ತದೆ ಕೂತಿತ್ತು. ಭಾರ ಅದಕ್ಕೆ ತಾಗಲಿಲ್ಲ, ಯಾಕೆಂದರೆ ಭಾರ ಸುತ್ತಲಿಂದಲೂ ಇತ್ತು. ತಾಗಿದ್ದು ಪಕ್ಕದಲ್ಲಿ ಮನುಷ್ಯ ತೋಡಿದ ಖಾಲಿ ಜಾಗ. ಒಂದು ಕಡೆ ಆಸರೆ ಹೋಯಿತು, ಒತ್ತಡವೆಲ್ಲ ಅಂಚಿಗೆ ಬಂದು ನಿಂತಿತು. ಮೆತ್ತಗಿನ ಕಲ್ಲಾಗಿದ್ದರೆ ಅಷ್ಟಿಷ್ಟು ಬಾಗಿ, ಉಬ್ಬಿ, ಮುನಿಸು ತೋರಿಸಿ ಸುಮ್ಮನಾಗುತ್ತಿತ್ತು. ಇದು ಬಾಗುವ ಜಾತಿಯಲ್ಲ. ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು ಒಂದು ದಿನ ಸಿಡಿಯುತ್ತಿತ್ತು. ಗಣಿಯವರು ಅದನ್ನು ಏರ್‌ಬ್ಲಾಸ್ಟ್ ಎಂದರು, ಆಮೇಲೆ ರಾಕ್‌ಬರ್ಸ್ಟ್ ಎಂದರು. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಸಾಹೇಬರು 1904ರಲ್ಲೇ ಈ ನಡುಕಗಳ ಮೇಲೆ ಒಂದು ವರದಿ ಬರೆದರು. ಕೆಳಗೆ ಪ್ರಾಣಗಳು ಹೋಗುತ್ತಿದ್ದವು; ಮೇಲೆ ಆಂಡರ್ಸನ್‌ಪೇಟೆಯಲ್ಲಿ ಗೂಡಿನ ಮೇಲಿಟ್ಟ ಪಾತ್ರೆಗಳು ಉರುಳುತ್ತಿದ್ದವು, ಹೆಂಗಸರು ಕೈಲಿದ್ದ ಕೆಲಸ ಬಿಟ್ಟು ಶಾಫ್ಟಿನ ಕಡೆ ಓಡುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಒಳಗೆಲ್ಲ ನೀರು ತುಂಬಿದ ಮೇಲೂ ನೆಲ ಆಗಾಗ ನಡುಗಿದ್ದುಂಟು. ಗಟ್ಟಿಯವರ ಸಿಟ್ಟು ಬೇಗ ಇಳಿಯುವುದಿಲ್ಲ.

ಆ ಬಂಡೆಯೊಳಗಿದ್ದ ಚಿನ್ನದ ಸ್ವಭಾವವಂತೂ ಸನ್ಯಾಸಿಯದು. ಗಾಳಿಗೆ ತುಕ್ಕು ಹಿಡಿಯುವುದಿಲ್ಲ, ನೀರಿಗೆ ಮಾಸುವುದಿಲ್ಲ, ಕಬ್ಬಿಣವನ್ನು ಕುಣಿಸುವ ಅಯಸ್ಕಾಂತ ಎದುರು ಬಂದರೆ ಗುರುತೇ ಇಲ್ಲದವರಂತೆ ಇರುತ್ತದೆ. ಬರೀ ಗಂಧಕಾಮ್ಲಕ್ಕೂ ಜಗ್ಗುವುದಿಲ್ಲ. ಇಂಥದಕ್ಕೂ ಒಂದು ಮರ್ಮಸ್ಥಾನ ಇತ್ತು. ಗ್ಲಾಸ್ಗೋದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು 1887ರಲ್ಲಿ ಅದನ್ನು ಹಿಡಿದರು: ಸೈನೈಡು, ಅದೂ ತೀರಾ ತೆಳುವಾದ ದ್ರಾವಣ, ಜೊತೆಗೆ ಒಂದಿಷ್ಟು ಗಾಳಿ. ಪುಡಿಯೊಳಗೆ ಅಡಗಿದ್ದ ಚಿನ್ನ ಸದ್ದಿಲ್ಲದೆ ಕರಗಿ ಹೊರಗೆ ಬಂತು. ಸತುವಿನ ಪುಡಿ ಹಾಕಿದರೆ ಮತ್ತೆ ತಳಕ್ಕೆ ಕೂತಿತು. ಉಳಿದ ಹುಡಿಯನ್ನು ಗುಡ್ಡೆ ಹಾಕಿದರು. ಅದೇ ಇವತ್ತಿನ ಸೈನೈಡ್ ಗುಡ್ಡ. ಆಷಾಢದ ಗಾಳಿಗೆ ಅದು ಊರಿನ ಮೇಲೆ ಏಳುತ್ತದೆ, ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ, ಎದೆಯೊಳಗೂ ಇಳಿಯುತ್ತದೆ. ಈ ಎಲ್ಲ ಕೆಲಸಕ್ಕೆ ಬೇಕಾದ ನೀರು ಹೋಗಿದ್ದು ನಮ್ಮ ಬೇತಮಂಗಲದಿಂದ. ಪಾಲಾರ್‌ಗೆ ಅಡ್ಡವಾಗಿ ಇರುವ ಈ ಕೆರೆ ಬಾಣರ ಕಾಲದಷ್ಟು ಹಳೆಯದು, ಊರಿನ ಆಗಿನ ಹೆಸರೇ ವಿಜಯಾದಿತ್ಯಮಂಗಲ. ಚಿನ್ನ ಅವರದು, ನೀರು ನಮ್ಮದು. ಮದುವೆಗೆ ಮಾತ್ರ ಚಿನ್ನ ಕೊಳ್ಳಲು ನಮ್ಮವರು ಬೆಂಗಳೂರಿಗೆ ಹೋಗುತ್ತಾರೆ.

ನೀರೆಂದ ಮೇಲೆ ಹಲ್ಲಿನ ವಿಷಯ ಹೇಳಬೇಕು. ನಮ್ಮ ಜಿಲ್ಲೆಯ ಆಳದ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡು ಜಾಸ್ತಿ. ಅದನ್ನು ಕುಡಿದು ಬೆಳೆದವರ ಹಲ್ಲಿನಲ್ಲಿ ಕಂದು ಗೀರು ಮೂಡುತ್ತದೆ. ಹೆಣ್ಣು ನೋಡಲು ಹೋದ ಹುಡುಗ ಎಷ್ಟು ಹೊತ್ತಾದರೂ ನಗದಿದ್ದರೆ ಅಹಂಕಾರ ಎಂದುಕೊಳ್ಳಬೇಡಿ, ಬೋರ್‌ವೆಲ್ ನೀರು ಇರಬಹುದು. ಆದರೆ ವರ್ಗವಾಗಿ ಬಂದ ಮೇಷ್ಟ್ರು ಅದೇ ನೀರನ್ನು ಇಪ್ಪತ್ತು ವರ್ಷ ಕುಡಿದು, ಬೆಳ್ಳಗಿನ ಹಲ್ಲಿನಲ್ಲೇ ನಿವೃತ್ತರಾಗಿ ಹೋಗುತ್ತಾರೆ. ಹಲ್ಲಿನ ಮೇಲ್ಪದರ ವಸಡಿನೊಳಗೆ ಕಟ್ಟಿಕೊಳ್ಳುವುದು ಬಾಲ್ಯದ ಮೊದಲ ಏಳೆಂಟು ವರ್ಷಗಳಲ್ಲಿ. ಆ ಹೊತ್ತಿನಲ್ಲಿ ಹೊಕ್ಕಿದ್ದು ಹೊಕ್ಕಿತು. ಕಟ್ಟಿ ಮುಗಿದ ಹಲ್ಲಿಗೆ ಆ ಕಲೆ ಹಿಡಿಯುವುದಿಲ್ಲ. ಮೂಳೆಗೆ ಈ ರಿಯಾಯಿತಿ ಇಲ್ಲ ಎನ್ನುವುದು ಬೇರೆ ಮಾತು.

ಹಲ್ಲಿನ ಪಕ್ಕದಲ್ಲೇ ಇರುವ ನಾಲಿಗೆಯ ಕಥೆಯೂ ಅದೇ. ಬೀದಿಯಲ್ಲಿ ತೆಲುಗು, ಕೆಜಿಎಫ್ ಬಸ್ಸಿನಲ್ಲಿ ತಮಿಳು, ಸಂತೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ನಾವು ಯಾವುದನ್ನೂ ಕಲಿಯಲಿಲ್ಲ, ಎಲ್ಲವೂ ತಾವೇ ಹತ್ತಿಕೊಂಡವು. ನಮ್ಮೂರಿನ ಗೃಹಸ್ಥನೊಬ್ಬ ತೆಲುಗಿನಲ್ಲಿ ಚೌಕಾಸಿ ಶುರುಮಾಡಿ, ತಮಿಳಿನಲ್ಲಿ ರೇಗಿ, ಉರ್ದುವಿನಲ್ಲಿ ರಾಜಿಯಾಗಿ, ಕನ್ನಡದಲ್ಲಿ ದುಡ್ಡು ಎಣಿಸುತ್ತಾನೆ. ಅದೇ ಮೇಷ್ಟ್ರಿಗೆ ಇಪ್ಪತ್ತು ವರ್ಷದಲ್ಲಿ 'ರಾ', 'ಪೋ' ಬಿಟ್ಟು ಮೂರನೆಯದು ಬರಲಿಲ್ಲ.

ದೊಡ್ಡವರಾದ ಮೇಲೆ ನಮಗೆ ಯಾವುದೂ ತಾಗುವುದಿಲ್ಲ ಎಂದಲ್ಲ. 2018ರ ಡಿಸೆಂಬರಿನಲ್ಲಿ 'ಕೆಜಿಎಫ್' ಸಿನಿಮಾ ಬಂದ ಮೇಲೆ ಸುತ್ತಲಿನ ಹಳ್ಳಿಗಳ ಗದ್ದಗಳಿಗೆ ಹತ್ತಿದ ಸೋಂಕಿಗೆ ಇವತ್ತಿಗೂ ಔಷಧಿ ಸಿಕ್ಕಿಲ್ಲ. ಕಟಿಂಗ್ ಶಾಪಿನವನು ಶೇವಿಂಗ್ ಬ್ಲೇಡು ತರಿಸುವುದನ್ನೇ ಕಡಿಮೆ ಮಾಡಿದ. ಇನ್ನು ಟೊಮೇಟೊ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ ಹದಿನೈದು ಕಿಲೋ ಬಾಕ್ಸಿಗೆ ಎರಡು ಸಾವಿರ ದಾಟಿತು. ಟೊಮೇಟೊಗೆ ಬಿಳಿನೊಣದಿಂದ ಎಲೆಮುರುಟು ರೋಗ ಹರಡುತ್ತದೆ. ಟೊಮೇಟೊ ಬೆಳೆಯುವವರಿಗೆ ಪಕ್ಕದ ಹೊಲದವನು ಕೊಂಡ ಹೊಸ ಬೈಕಿನಿಂದ ಹರಡುತ್ತದೆ. ಒಬ್ಬ ಹಾಕಿದ್ದನ್ನು ಎಲ್ಲರೂ ಹಾಕುವುದು, ಎಲ್ಲರೂ ಹಾಕಿದಾಗ ರಸ್ತೆ ಬದಿಗೆ ಸುರಿಯುವುದು ನಮ್ಮ ಸೀಮೆಯಲ್ಲಿ ಹೊಸದಲ್ಲ.

ನಮ್ಮ ಪಕ್ಕದ ಹೊಲದ ರೈತರು ಇದನ್ನೆಲ್ಲ ಕಂಡು ಬೇಸತ್ತವರು. "ಈ ಸಲ ಯಾರನ್ನೂ ನೋಡಿ ಹಾಕಲ್ಲ ಸಾರ್. ಎಲ್ಲರೂ ಏನ್ ಹಾಕಲ್ವೋ ಅದನ್ನೇ ಹಾಕ್ತೀನಿ" ಎಂದರು. ಎಲ್ಲರೂ ಏನು ಹಾಕುವುದಿಲ್ಲ ಎಂದು ತಿಳಿಯಬೇಕಾದರೆ ಎಲ್ಲರನ್ನೂ ಕೇಳಬೇಕಲ್ಲ. ಬೈಕು ಹತ್ತಿ ಹೊಲದಿಂದ ಹೊಲಕ್ಕೆ ಹೊರಟರು. ಮಾರನೆಯ ದಿನ ನರ್ಸರಿಯ ಹತ್ತಿರ ಹೋದರೆ ಗಿರಾಕಿಯೇ ಇಲ್ಲ. ಟ್ರೇಗಳಲ್ಲಿ ಟೊಮೇಟೊ ನಾರು ಗೇಣುದ್ದ ಬೆಳೆದು ನಿಂತಿತ್ತು. ಯಾಕೆಂದು ಕೇಳಿದೆ.

"ಬಂದಿದ್ರು ಸಾರ್, ನಲವತ್ತು ಜನ ಬಂದಿದ್ರು" ಎಂದ ನರ್ಸರಿಯವನು. "ಬೇರೇವ್ರು ಏನ್ ಹಾಕ್ತಾರೋ ಕೇಳ್ಕೊಂಡ್ ಬರ್ತೀನಿ ಅಂತ ಎಲ್ರೂ ಹೋದ್ರು. ಈಗ ಒಬ್ಬರನ್ನೊಬ್ಬರು ಹುಡುಕ್ತಾವ್ರೆ."