ಎಕ್ಸ್‌ಪೋರ್ಟ್ ಮಾಣಿ

ಎಕ್ಸ್‌ಪೋರ್ಟ್ ಮಾಣಿ ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕುಳಿತು, ತಾನು ಓಡಿಸದ ಕಾರನ್ನು ತಾನು ಹತ್ತದ ಹಡಗಿನಲ್ಲಿ ತಾನು ಕಾಣದ ದೇಶಕ್ಕೆ ಕಳಿಸುವ ತರುಣ. ವಯಸ್ಸು ಇಪ್ಪತ್ತೆರಡರಿಂದ ಮೂವತ್ತು. ಅದರ ಮೇಲೂ ಮಾಣಿಯೇ, ಅಂದರೆ ಹುಡುಗನೇ. ಹಾಗೆ ಕರೆಯುವವರು ಮನೆಯಲ್ಲಿ ಇರುವ ತನಕ ಬಡ್ತಿ ಇಲ್ಲ. ಓದು ಸಾಮಾನ್ಯವಾಗಿ ಬಿ.ಕಾಂ. ಕೆಲಸಕ್ಕೆ ಸೇರುವಾಗ ಕಾರಿನ ಬಗ್ಗೆ ಅವನಿಗಿರುವ ಜ್ಞಾನವೆಲ್ಲ ಊರಿನ ಬಾಡಿಗೆ ಜೀಪಿನ ಹಿಂದೆ ಜೋತುಬಿದ್ದು ಸಂಪಾದಿಸಿದ್ದು. ರಫ್ತಿನ ಬಗ್ಗೆ ಅಷ್ಟೂ ಇರುವುದಿಲ್ಲ.

ಹಾಗೆಂದು ಈ ಸೀಮೆಗೆ ರಫ್ತು ಹೊಸದೇನಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಇಲ್ಲಿನ ಕಾಳುಮೆಣಸು ಹಡಗು ಹತ್ತುತ್ತಿದ್ದುದಕ್ಕೆ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡದ ಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು, ಕುಮಟೆಯಿಂದ ಮುಂಬಯಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ. ಬೆಳೆದ ಊರನ್ನು ಬಿಟ್ಟು ಹಡಗು ಹತ್ತಿದ ಊರಿನ ಹೆಸರು ಸರಕಿಗೆ ಅಂಟಿಕೊಳ್ಳುತ್ತದೆ ಎನ್ನುವುದು ಮಾಣಿ ಬಹಳ ತಡವಾಗಿ, ಬೈಸಿಕೊಂಡು ಕಲಿಯುವ ಪಾಠ. ಅಜ್ಜನ ಅಜ್ಜನಿಗೆ ಅದು ಗಾಡಿ ನೋಡಿಯೇ ಗೊತ್ತಿತ್ತು.

ಈಗ ಶಿರಸಿಗೆ ರೈಲೂ ಇಲ್ಲ. ಸಿದ್ದಾಪುರದವರಿಗೆ ತಾಳಗುಪ್ಪ ಹತ್ತಿರವೆಂಬ ಸಮಾಧಾನವಿದೆ. ಕಾರು ಹೊರುವ ಹಡಗು ಕಾರವಾರಕ್ಕೂ ಬರುವುದಿಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 2012ರಲ್ಲಿ ದಕ್ಷಿಣ ಆಫ್ರಿಕಕ್ಕೆ ಎಟಿಯೋಸ್ ಕಳಿಸಲು ಆರಂಭಿಸಿದಾಗ ಕಾರುಗಳು ಪೂರ್ವಕ್ಕೆ, ಚೆನ್ನೈ ಪಕ್ಕದ ಎಣ್ಣೋರಿಗೆ ಹೋದವು. ಬೆಂಗಳೂರಿನ ಪುಟ್ಟ ವಿದ್ಯುತ್ ಕಾರು ರೇವಾ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಇವೆರಡು ಸಂಗತಿಗಳನ್ನು ಮಾಣಿ ಊರಿನ ಪ್ರತಿ ಮದುವೆಮನೆಯಲ್ಲೂ ಹೇಳುತ್ತಾನೆ, ತಾನೇ ಹಿಂದಿನಿಂದ ತಳ್ಳಿ ಹಡಗು ಹತ್ತಿಸಿದವನ ಹಾಗೆ. 2024-25ರಲ್ಲಿ ಭಾರತದಿಂದ ಸುಮಾರು 7.7 ಲಕ್ಷ ಪ್ರಯಾಣಿಕ ವಾಹನಗಳು ರಫ್ತಾದವು. ಅದರಲ್ಲಿ ತನ್ನ ಪಾಲೆಷ್ಟು ಎಂದು ಅವನು ಬಿಡಿಸಿ ಹೇಳುವುದಿಲ್ಲ.

ಆಫೀಸಿನಲ್ಲಿ ಅವನಿಗೆ ಯಾರೂ ಕಲಿಸುವುದಿಲ್ಲ. ಯಕ್ಷಗಾನದ ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿಯಾಗಿ, ಆಮೇಲೆ ಬಾಲಗೋಪಾಲನಾಗಿ ಕುಣಿದು, ಉಳಿದದ್ದನ್ನು ಚೌಕಿಯಲ್ಲಿ ನೋಡಿ ಕಲಿಯುವಂತೆ ಇವನೂ ಕಲಿಯಬೇಕು. ಮೊದಲ ತಿಂಗಳ ಮುಖ್ಯ ಕೆಲಸ ಹೂಂಗುಟ್ಟುವುದು. ‘ಬಿ.ಎಲ್. ಡ್ರಾಫ್ಟ್ ಬಂತಾ?’ ಹೂಂ. ‘ಎಸ್.ಬಿ. ಫೈಲ್ ಆಯ್ತಾ?’ ಹೂಂ. ಬಿ.ಎಲ್. ಎಂದರೆ ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್, ಎಸ್.ಬಿ. ಎಂದರೆ ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ ಎಂದು ತಿಳಿಯುವ ಹೊತ್ತಿಗೆ ಮೂರು ಹೂಂಗಳು ಸುಳ್ಳಾಗಿರುತ್ತವೆ. ಅವನಿಗೆ ಎಸ್.ಬಿ. ಎಂದರೆ ಅಲ್ಲಿಯವರೆಗೂ ಸೇವಿಂಗ್ಸ್ ಖಾತೆ.

ಮುಂದಿನ ಹಂತ ಎಚ್.ಎಸ್. ಕೋಡ್. ಜಗತ್ತಿನ ಸರಕಿಗೆಲ್ಲ ಕಸ್ಟಮ್ಸ್‌ನವರು ಸಂಖ್ಯೆ ಕೊಟ್ಟಿದ್ದಾರೆ. ಜನ ಕೂರುವ ಕಾರು 8703, ಸಾಮಾನು ಸಾಗಿಸುವ ವಾಹನ 8704, ಚಾಲಕನೂ ಸೇರಿ ಹತ್ತು ಅಥವಾ ಹೆಚ್ಚು ಜನರಿಗೆಂದು ಮಾಡಿದ್ದು 8702. ಇದನ್ನು ಕೇಳಿದ ದಿನವೇ ಮಾಣಿಗೆ ಸಂಶಯ ಹುಟ್ಟುತ್ತದೆ. ಸಿದ್ದಾಪುರದ ಹಳ್ಳಿ ರಸ್ತೆಯ ಜೀಪಿನಲ್ಲಿ ಹದಿನಾರು ಜನ, ಎರಡು ಹಾಲಿನ ಕ್ಯಾನು, ಒಂದು ಬಾಳೆಗೊನೆ ಇರುತ್ತವೆ. ಅದು ಯಾವ ಸಂಖ್ಯೆ? ಹತ್ತಿದವರನ್ನು ಎಣಿಸುವುದಲ್ಲ, ಎಷ್ಟು ಜನರಿಗೆಂದು ಮಾಡಿದ್ದೋ ಅದನ್ನು ನೋಡಬೇಕು ಎಂಬ ಉತ್ತರ ಅವನಿಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಆದರೆ ವಿಂಗಡಿಸುವ ಚಟ ರಕ್ತದಲ್ಲೇ ಇದೆ. ಒಂದೇ ಮರದ ಅಡಕೆಯನ್ನು ಚಾಲಿ, ಬೆಟ್ಟೆ, ರಾಶಿ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂದು ಬೇರೆ ಮಾಡಿ ಬೇರೆ ಬೇರೆ ದರ ಕಂಡವರ ಮನೆಯ ಹುಡುಗ. ಅಡಕೆಯ ಕೋಡ್ 0802 80 ಎಂದು ಪತ್ತೆಯಾದ ಸಂಜೆ ಅಪ್ಪನಿಗೆ ಫೋನು ಹೋಗುತ್ತದೆ. ಎಲ್ಲ ಅಡಕೆಗೂ ಒಂದೇ ನಂಬರು ಎಂದು ಕೇಳಿ ಅಪ್ಪ, ಇಂಥವರಿಗೆ ವ್ಯಾಪಾರ ಹೇಗೆ ತಿಳಿಯಬೇಕು ಎನ್ನುತ್ತಾನೆ.

ಚಾಸಿ ನಂಬರಿನಲ್ಲಿ ಹದಿನೇಳು ಅಕ್ಷರ-ಅಂಕೆಗಳು. ಭಾರತದಲ್ಲಿ ತಯಾರಾದ ಕಾರಿನದು ಎಂ ಅಕ್ಷರದಿಂದ ಆರಂಭ. ಐ, ಓ, ಕ್ಯೂ ಅಕ್ಷರಗಳನ್ನು ಬಳಸುವಂತಿಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲವಾಗುತ್ತದೆಂದು ಮೊದಲೇ ತೆಗೆದುಹಾಕಿದ್ದಾರೆ. ಮಾಣಿ ಇದನ್ನು ಕಲಿಯುವುದು ಸೊನ್ನೆ ಇರುವಲ್ಲೆಲ್ಲ ಓ ಒತ್ತಿ ಮುನ್ನೂರು ಕಾರುಗಳ ಪಟ್ಟಿ ಮುಗಿಸಿದ ಮೇಲೆ. ಆಗ ಕಾಗದದಲ್ಲಿರುವ ಕಾರು ಬಂದರಿನಲ್ಲಿ ಇಲ್ಲ, ಬಂದರಿನಲ್ಲಿರುವ ಕಾರು ಕಾಗದದಲ್ಲಿ ಇಲ್ಲ. ಸ್ವರ್ಣವಲ್ಲಿ ಮಠದ ಸೀಮೆಯ ಹುಡುಗನಿಗೆ ಇದರಲ್ಲಿ ಅದ್ವೈತದ ವಾಸನೆ ಬರಬಹುದು. ಮೇಲಿನವರು ಆ ದೃಷ್ಟಿಯಿಂದ ನೋಡುವುದಿಲ್ಲ.

ಎಫ್.ಒ.ಬಿ., ಅಂದರೆ ಫ್ರೀ ಆನ್ ಬೋರ್ಡ್ ಎಂಬುದನ್ನು ಅವನು ಎರಡು ಸಲ ಕಲಿಯಬೇಕಾಗುತ್ತದೆ. ಸರಕು ಹಡಗಿನ ಕಟಾಂಜನ ದಾಟಿದ ಕ್ಷಣದಿಂದ ನಷ್ಟ ಕೊಂಡವನದು ಎಂದು ಹಿರಿಯ ಗುಮಾಸ್ತರು ಹೇಳಿಕೊಡುತ್ತಾರೆ. ಆ ಕಟಾಂಜನವನ್ನು, ಇಂಥ ವ್ಯಾಪಾರಪದಗಳ ಅಂತರರಾಷ್ಟ್ರೀಯ ನಿಯಮಾವಳಿಯಾದ ಇನ್‌ಕೋಟರ್ಮ್ಸ್‌ನ 2010ರ ಆವೃತ್ತಿಯಲ್ಲೇ ಕಿತ್ತುಹಾಕಿ, ಹಡಗಿನ ಮೇಲೆ ಇಳಿಸಿದ ಮೇಲೆಯೇ ಎಂದು ತಿದ್ದಲಾಗಿದೆ. ಈಗ ನಡೆಯುತ್ತಿರುವುದು ಹನ್ನೊಂದು ಪದಗಳ 2020ರ ಆವೃತ್ತಿ. ಕೆಲಸ ಮಾಡುತ್ತ ಕಲಿಯುವುದರಲ್ಲಿ ಇದೊಂದು ತೊಡಕು: ಕಲಿಸುವವರು ಯಾವ ಇಸವಿಯಲ್ಲಿ ಕಲಿಯುವುದನ್ನು ನಿಲ್ಲಿಸಿದರೋ ಶಿಷ್ಯನ ವಿದ್ಯೆ ಅಲ್ಲಿಂದ ಶುರುವಾಗುತ್ತದೆ. ತಿರುಳು ಮಾತ್ರ ಹೊಸದಲ್ಲ. 1923ರಿಂದ ಇರುವ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯ ಅಂಗಳದಲ್ಲಿ ಚೀಲ ಇಳಿಸಿ, ಟೆಂಡರ್ ದರ ನೋಡಿ, ಕೊಡುವುದೋ ಬಿಡುವುದೋ ಎಂದು ಕವಳ ಹಾಕುತ್ತ ಯೋಚಿಸುವ ಯಾವ ಕೃಷಿಕನಿಗೂ ಚೀಲ ಎಲ್ಲಿಯವರೆಗೆ ತನ್ನದು ಎಂಬ ಪ್ರಶ್ನೆ ಗೊತ್ತು.

ಮಾಣಿಯ ವಿದ್ಯಾಭ್ಯಾಸದ ಶಿಖರ ಎಲ್.ಸಿ., ಅಂದರೆ ಲೆಟರ್ ಆಫ್ ಕ್ರೆಡಿಟ್. ಕೊಂಡವನ ಬ್ಯಾಂಕು ಹಣ ಕೊಡುತ್ತೇನೆಂದು ಬರೆದುಕೊಡುತ್ತದೆ, ಆದರೆ ಬ್ಯಾಂಕು ಕಾರನ್ನು ನೋಡುವುದಿಲ್ಲ, ಕಾಗದವನ್ನು ಮಾತ್ರ ನೋಡುತ್ತದೆ. 2007ರ ಜುಲೈ 1ರಿಂದ ನಡೆಯುತ್ತಿರುವ ಯು.ಸಿ.ಪಿ. 600 ನಿಯಮಗಳ ಪ್ರಕಾರ ಸರಕು ಹೊರಟ 21 ದಿನಗಳೊಳಗೆ ದಾಖಲೆ ಸಲ್ಲಬೇಕು. ಪರೀಕ್ಷಿಸಲು ಬ್ಯಾಂಕಿಗೆ ಹೆಚ್ಚೆಂದರೆ ಐದು ಕೆಲಸದ ದಿನ. ಎಲ್.ಸಿ.ಗೆ ಹೊಂದದ ವ್ಯತ್ಯಾಸ ಕಂಡರೆ ಅದರ ಹೆಸರು ಡಿಸ್ಕ್ರಿಪೆನ್ಸಿ. ನೂರಾರು ಕಾರು ಸಮುದ್ರದ ಮೇಲೆ ಹೋಗುತ್ತಿರುತ್ತವೆ, ಹಣ ಒಂದು ತಪ್ಪು ಸಂಖ್ಯೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಬೇರೆ ಊರಿನ ಹುಡುಗರು ಇಲ್ಲಿ ಕಂಗೆಡುತ್ತಾರೆ. ಮಾಣಿಗೆ ಇದು ತವರು. ಅವನ ಅಪ್ಪನ ಹೆಸರು ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಸೊಸೈಟಿ ಪುಸ್ತಕದಲ್ಲಿ ಮತ್ತೊಂದು. ಮೂವರೂ ಒಬ್ಬನೇ ಎಂದು ಸಿದ್ಧಮಾಡಲು ಅವನು ತಾಲೂಕು ಕಚೇರಿಗೆ ಅಲೆದವನು. ಎಲ್.ಸಿ.ಯಲ್ಲಿ ಹೇಗಿದೆಯೋ ಹಾಗೆಯೇ, ತಪ್ಪಿದ್ದರೆ ತಪ್ಪನ್ನೂ ನಕಲು ಮಾಡು ಎಂಬ ಸೂತ್ರ ಅವನಿಗೆ ಯಾರೂ ಎರಡನೇ ಸಲ ಹೇಳಬೇಕಾಗಿಲ್ಲ. ‘ಕ್ಲೀನ್’ ಬಿಲ್ ಆಫ್ ಲೇಡಿಂಗ್ ಮೇಲೆ ಕ್ಲೀನ್ ಎಂಬ ಶಬ್ದ ಇರಬೇಕಾಗಿಲ್ಲ, ಕಾರಿಗೆ ಗೀರು ಬಿದ್ದಿದೆ ಎಂಬ ಷರಾ ಇಲ್ಲದಿದ್ದರೆ ಸಾಕು ಎಂಬುದನ್ನೂ ಅವನು ಬೇಗ ಹಿಡಿಯುತ್ತಾನೆ. ಹುಡುಗಿ ನೋಡಲು ಹೋದಲ್ಲಿಯೂ ಇದೇ ಪದ್ಧತಿ. ಈ ವಿದ್ಯೆ ರೋಗವಾಗುವುದೂ ಉಂಟು: ಈ ಹಂತ ದಾಟಿದವನು ಊಟಕ್ಕೆ ಕೂತಾಗ ತಂಬುಳಿಯಲ್ಲೂ ಡಿಸ್ಕ್ರಿಪೆನ್ಸಿ ಕಾಣುತ್ತಾನೆ.

ಭೂಗೋಳವನ್ನು ಅವನು ಸ್ಟೇರಿಂಗಿನಿಂದ ಕಲಿಯುತ್ತಾನೆ. ಕೀನ್ಯಾ, ದಕ್ಷಿಣ ಆಫ್ರಿಕ, ಶ್ರೀಲಂಕಾ ಬಲಗಡೆಯ ಸ್ಟೇರಿಂಗ್; ಮೆಕ್ಸಿಕೊ, ಚಿಲಿ, ಸೌದಿ ಎಡಗಡೆಯವು. ಆ ದೇಶಗಳ ರಾಜಧಾನಿ ಕೇಳಿದರೆ ಹೇಳಲಾರ, ಬಂದರು ಹೇಳುತ್ತಾನೆ. ಕಡಿಮೆ ಬೆಲೆಗೆ ಸಿಗುವ ಹಳೇ ಕಾರುಗಳಿಗೆ ಅನುಕೂಲವಾಗಲೆಂದು ಸಮೋವಾ 2009ರಲ್ಲಿ ಇಡೀ ದೇಶದ ಸಂಚಾರವನ್ನೇ ಬಲದಿಂದ ಎಡಕ್ಕೆ ಬದಲಿಸಿತು ಎಂಬುದು ಅವನ ಮೆಚ್ಚಿನ ಕತೆ. 2020ರ ಮಾರ್ಚ್‌ನಲ್ಲಿ ಶ್ರೀಲಂಕಾ ವಾಹನ ಆಮದು ನಿಲ್ಲಿಸಿದಾಗ ಆ ದೇಶವನ್ನೇ ನಂಬಿದ್ದ ಮಾಣಿ ಮೇಜು ಒರೆಸುತ್ತ ಕೂರಬೇಕಾಯಿತು. ಖಾಸಗಿ ವಾಹನಗಳಿಗೆ ಬಾಗಿಲು ಮತ್ತೆ ತೆರೆದದ್ದು 2025ರಲ್ಲಿ.

ಹಡಗನ್ನು ಅವನು ನೋಡಿರುವುದಿಲ್ಲ. ರೋ-ರೋ ಹಡಗೆಂದರೆ ತೇಲುವ ಬಹುಮಹಡಿ ಪಾರ್ಕಿಂಗ್. ದೊಡ್ಡದರಲ್ಲಿ ಆರು ಸಾವಿರಕ್ಕೂ ಹೆಚ್ಚು ಕಾರು ಹಿಡಿಸುತ್ತವೆ. ಬಂದರಿನ ಚಾಲಕರು ಒಂದೊಂದನ್ನೂ ಓಡಿಸಿ ಒಳಗೊಯ್ದು, ಪಕ್ಕದ ಕಾರಿಗೆ ಗೇಣಿನ ಅಂತರವೂ ಬಿಡದೆ ನಿಲ್ಲಿಸಿ, ಪಟ್ಟಿಯಿಂದ ನೆಲಕ್ಕೆ ಬಿಗಿಯುತ್ತಾರೆ. ಮಾರಿಕಾಂಬಾ ಜಾತ್ರೆಯ ದಿನ ಶಿರಸಿ ಪೇಟೆಯಲ್ಲಿ ಗಾಡಿ ನಿಲ್ಲಿಸಿ ಗೊತ್ತಿರುವವನಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಬಂದರಿನ ಫೋಟೋ ಒಂದು ವಾಟ್ಸಾಪಿಗೆ ಬಂದದ್ದೇ ಅವನ ಸಮುದ್ರಯಾನ.

ಮನೆಯಲ್ಲಿ ಈ ಉದ್ಯೋಗವನ್ನು ವಿವರಿಸುವುದು ಕಲಿಯುವುದಕ್ಕಿಂತ ಕಷ್ಟ.

‘ತಮಾ, ನೀ ಅಲ್ಲಿ ಎಂತಾ ಮಾಡ್ತೆ?’

‘ಕಾರು ಹೊರದೇಶಕ್ಕೆ ಕಳಸದು, ಅಜ್ಜ.’

‘ಓಡ್ಸ್ಕ್ಯಂಡು ಹೋಗ್ತ್ಯನ?’

‘ಇಲ್ಲೆ, ಹಡಗಲ್ಲಿ ಹೋಗ್ತು.’

‘ಹಡಗಲ್ಲಿ ಹೋಪಲೆ ನೀ ಎಂತಕ್ಕೆ?’

‘ನಾ ಕಾಗದ ಬರಿತಿ.’

ಕಾಗದ ಬರೆಯುವ ಕೆಲಸ ಎಂದರೆ ಅಜ್ಜನಿಗೆ ಅರ್ಥವಾಗುತ್ತದೆ. ಶಾನುಭೋಗಿಕೆ ಎಂದು ಅವನು ನೆರೆಮನೆಗೆ ಹೇಳಿಬಿಡುತ್ತಾನೆ. ಸೋದರಮಾವ ಮಾತ್ರ ರಫ್ತಿನಲ್ಲಿ ಉಳಿದ ಕಾರೊಂದನ್ನು ಕಡಿಮೆಗೆ ಕೊಡಿಸಲು ಕೇಳುತ್ತಾನೆ. ಎಡಗಡೆ ಸ್ಟೇರಿಂಗಿನ ಕಾರು ಇಲ್ಲಿ ಉಪಯೋಗಕ್ಕೆ ಬಾರದೆಂದರೆ, ತೋಟದ ದಾರಿಯಲ್ಲಿ ಎದುರು ಬರುವವರು ಯಾರಿದ್ದಾರೆ ಎಂಬುದು ಅವನ ವಾದ. ವಧೂಪರೀಕ್ಷೆಯಲ್ಲಿ ‘ಎಕ್ಸ್‌ಪೋರ್ಟ್’ ಎಂಬ ಶಬ್ದಕ್ಕೆ ಒಳ್ಳೆಯ ದರವಿದೆ, ಸ್ವಂತ ಕಾರು ಇದೆಯೇ ಎಂದು ಕೇಳುವ ತನಕ.

ತಾಲೂಕಿನ ಪ್ರಕಾರ ಮೂರು ಪ್ರಭೇದಗಳನ್ನು ಗುರುತಿಸಬಹುದು. ಶಿರಸಿಯವನು ಪೇಟೆಯವನು, ದರ ಮಾತಾಡುವುದರಲ್ಲಿ ಗಟ್ಟಿಗ, ಮೊದಲು ಮೌನವಾಗಿದ್ದು ಸಂಜೆ ಬೆಲೆ ಹೇಳುತ್ತಾನೆ. ಸಿದ್ದಾಪುರದವನು ಊರೆಲ್ಲೆಂದು ಕೇಳಿದರೆ ಜೋಗದ ಹತ್ತಿರ ಎನ್ನುತ್ತಾನೆ. ವಿದೇಶಿ ಗಿರಾಕಿಗೆ ಸರಕಿನ ಜೊತೆ ಜಲಪಾತದ ಚಿತ್ರವನ್ನೂ ಕಳಿಸುವವನು ಇವನೇ. ಯಲ್ಲಾಪುರದವನು ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯಲ್ಲಿ ಲಾರಿ ಎಣಿಸುತ್ತ ಬೆಳೆದವನು. ಅರಬೈಲು ಘಟ್ಟದಲ್ಲಿ ಲಾರಿ ಕೆಟ್ಟರೆ ಎಷ್ಟು ತಾಸು ಎಂಬ ಲೆಕ್ಕ ಗೊತ್ತಿರುವುದರಿಂದ, ಹಡಗಿನ ಗಡುವಿನ ವಿಷಯದಲ್ಲಿ ಉಳಿದ ಇಬ್ಬರೂ ಇವನನ್ನೇ ಕೇಳುತ್ತಾರೆ. 2020ರ ನಂತರ ಇವನಲ್ಲಿ ಒಂದು ಉಪಪ್ರಭೇದ ಕಾಣಿಸಿಕೊಂಡಿದೆ. ಅದು ಮನೆಯಿಂದಲೇ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ, ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಜಿಗಣೆ ಕಿತ್ತೊಗೆಯುತ್ತ ಶಿಪ್ಪಿಂಗ್ ಬಿಲ್ ಸಲ್ಲಿಸುತ್ತದೆ. ಛತ್ರಿ ಹಿಡಿದು ನಿಲ್ಲುವ ಕೆಲಸ ತಮ್ಮನದು. ಅವನು ಈಗ ಬಿ.ಕಾಂ. ಕೊನೆಯ ವರ್ಷ, ಹಿಂದಿನಿಂದ ಬಗ್ಗಿ ನೋಡುತ್ತ, ಆಗಾಗ ಹೂಂ ಎನ್ನುತ್ತಾನೆ.