ಮನೆಯೇ ಶಾಲೆ, ಅಮ್ಮನೇ ಗಂಟೆ

ಬೆಂಗಳೂರಿನ ಕೊತ್ತನೂರು, ಹೆಣ್ಣೂರು, ಕಮ್ಮನಹಳ್ಳಿ ಕಡೆ ಕ್ರೈಸ್ತ ಸಭೆಗೊಬ್ಬರಾದರೂ ಇಂಥವರು ಇರುತ್ತಾರೆ. ಭಾನುವಾರದ ಆರಾಧನೆ ಮುಗಿದು ಜನ ಕಾಫಿ ಲೋಟ ಹಿಡಿದು ಅಂಗಳದಲ್ಲಿ ನಿಂತಿರುವಾಗ ಹೊಸಬರು ಯಾರೋ ಒಂದು ಮಗುವಿನ ತಲೆ ಸವರಿ, "ಯಾವ ಸ್ಕೂಲು ಪುಟ್ಟಾ?" ಅನ್ನುತ್ತಾರೆ. ಅಷ್ಟು ಸಾಕು. ಮೂರೂ ಮಕ್ಕಳು ಅಮ್ಮನ ಮುಖ ನೋಡುತ್ತವೆ. ಅಮ್ಮ ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಳ್ಳುತ್ತಾರೆ. ಕೇಳಿದವರ ಕಾಫಿ ಆರಿ, ಕೆನೆ ಕಟ್ಟಿ, ಅವರ ಮನೆಯವರು ಸ್ಕೂಟರ್ ಹಾರ್ನ್ ಹೊಡೆದು ಕರೆಯುವವರೆಗೂ ವಿವರಣೆ ಸಾಗುತ್ತದೆ.

ಇವರೇ ಹೋಮ್‌ಸ್ಕೂಲ್ ಅಮ್ಮ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವವರು. ಹೆಸರು ಬೇಡ; ನಾವು ಕೆಲವರು ಬೆನ್ನ ಹಿಂದೆ ಹೆಡ್‌ಮಿಸ್ ಅನ್ನುತ್ತೇವೆ. ಮದುವೆಗೆ ಮುಂಚೆಯೂ ಆಮೇಲೆ ಕೆಲವು ವರ್ಷವೂ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವರ ಕೈಗೆ ದೊಡ್ಡ ಮಗನ ಯುಕೆಜಿ ಡೈರಿ ಸಿಕ್ಕಿತು. ಮಿಸ್ಸು ಬರೆದ ಒಂದೂವರೆ ಸಾಲಿನಲ್ಲಿ ಮೂರು ಕಾಗುಣಿತ ತಪ್ಪು. ಆ ರಾತ್ರಿ ಕುಟುಂಬ ಪ್ರಾರ್ಥನೆ ಬಹಳ ಹೊತ್ತು ನಡೆಯಿತಂತೆ. ಬೆಳಗ್ಗೆ ಹೊತ್ತಿಗೆ ದೇವರ ಚಿತ್ತ ತಿಳಿಯಿತು, ಸ್ಕೂಲ್ ವ್ಯಾನಿನವನಿಗೆ ಫೋನ್ ಹೋಯಿತು.

ಆಧಾರ ಕೇಳಿದರೆ ಧರ್ಮೋಪದೇಶಕಾಂಡದ 6ನೇ ಅಧ್ಯಾಯ ತೆಗೆಯುತ್ತಾರೆ. ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ದೇವರ ಆಜ್ಞೆಗಳನ್ನು ಹೇಳಿಕೊಡಬೇಕೆಂಬ ಮಾತು ಅಲ್ಲಿದೆ. ಮೋಶೆಯ ಕಾಲದ ತಾಯಂದಿರು ಇದನ್ನು ಹೇಗೆ ನಡೆಸಿದರೋ ಗೊತ್ತಿಲ್ಲ, ಇವರು ಎಕ್ಸೆಲ್ ಶೀಟ್ ಮಾಡಿದರು. ಏಳುವಾಗ ಕಂಠಪಾಠ ವಾಕ್ಯ. ಕೂತಾಗ ಗಣಿತ, ಇಂಗ್ಲಿಷು. ನಡೆಯುವಾಗ ಪ್ರಕೃತಿ ವೀಕ್ಷಣೆ. ಮಲಗುವಾಗ ಮಿಷನರಿಗಳ ಜೀವನಚರಿತ್ರೆ, ಅದರಲ್ಲೂ ಹಡಗು ಮುಳುಗುವಂಥವು. ಸ್ನಾನ ಮಾಡುವಾಗ ಏನೆಂದು ಮೋಶೆ ಹೇಳಿಲ್ಲವಾದ್ದರಿಂದ ಆ ಹೊತ್ತು ಮಾತ್ರ ಮಕ್ಕಳ ಸ್ವಂತದ್ದು. ಆ ಮನೆಯಲ್ಲಿ ಮಗುವೊಂದು ಸ್ನಾನ ಬೇಡವೆಂದು ಅತ್ತದ್ದನ್ನು ಕೇಳಿದವರಿಲ್ಲ. ಒಳಗಿನಿಂದ ಹೊರಗೆ ಬರಿಸುವುದೇ ಕಷ್ಟ.

ಮೊದಲು ಬಂದದ್ದು ಬಾವುಟದ ಪದ್ಧತಿ. 1970ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಶುರುವಾದ ಆಕ್ಸೆಲರೇಟೆಡ್ ಕ್ರಿಶ್ಚಿಯನ್ ಎಜುಕೇಷನ್ ಅಂತೊಂದಿದೆ. ಅದರಲ್ಲಿ ಯಾರೂ ನಿಂತು ಪಾಠ ಹೇಳುವುದಿಲ್ಲ. ಮಗು ಕಿರುಪುಸ್ತಕ ಓದಿಕೊಂಡು, ಬಿಟ್ಟ ಸ್ಥಳ ತುಂಬಿ, ತಾನೇ ತಿದ್ದಿಕೊಂಡು ಮುಂದಕ್ಕೆ ಹೋಗಬೇಕು. ಪಕ್ಕದವನು ಕಾಣದ ಹಾಗೆ ಮೇಜಿಗೆ ಅಡ್ಡಹಲಗೆ. ಸಂದೇಹ ಬಂದರೆ ಬಾಯಿ ತೆರೆಯುವಂತಿಲ್ಲ, ಒಂದು ಪುಟ್ಟ ಬಾವುಟ ಏರಿಸಬೇಕು. ನಮ್ಮ ಹೆಡ್‌ಮಿಸ್ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಕೊಯ್ದು ಅಡ್ಡಹಲಗೆ ಮಾಡಿದರು. ಪೊರಕೆಕಡ್ಡಿಗೆ ಹಳೇ ಬ್ಲೌಸ್ ಪೀಸ್ ಅಂಟಿಸಿ ಬಾವುಟ ಮಾಡಿದರು. ಒಲೆ ಮೇಲೆ ಸಾರು ಕುದಿಯುತ್ತಿರಲಿ, ಒಗ್ಗರಣೆಗೆ ಸಾಸಿವೆ ಸಿಡಿಯುತ್ತಿರಲಿ, ಕಣ್ಣು ಬಾವುಟದ ಮೇಲೆ. ದೊಡ್ಡವನು ಏರಿಸಿದರೆ ಭಾಗಾಕಾರ. ನಡುವಿನವಳು ಏರಿಸಿದರೆ ಅಣ್ಣನ ಮೇಲೆ ದೂರು. ಮೂರು ವರ್ಷದ ಚಿಕ್ಕದಕ್ಕೆ ಪುಸ್ತಕವೇ ಇರಲಿಲ್ಲ, ಆದರೂ ಬಾವುಟ ಬೇಕೇಬೇಕೆಂದು ಹಟ ಮಾಡಿ ಪಡೆದುಕೊಂಡು ದಿನವಿಡೀ ಏರಿಸಿಯೇ ಇಟ್ಟಿತು. ಒಂದು ದಿನ ಅದು ನಿಜವಾಗಿಯೂ ಅವಸರಕ್ಕೆ ಏರಿಸಿದ್ದು ಯಾರಿಗೂ ಗೊತ್ತಾಗದೆ ನೆಲ ಒರೆಸಬೇಕಾಯಿತು. ಕೊನೆಗೆ ಗಂಡ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಎರಡನೇ ಕಾಫಿಗಾಗಿ ಬಾವುಟ ಏರಿಸಿದ ಸಂಜೆ ಪದ್ಧತಿ ಅಟ್ಟ ಸೇರಿತು.

ಅದರ ಬದಲು ತರಿಸಿದ ಗಣಿತವೂ ಅಮೆರಿಕದ್ದೇ. ಲೆಕ್ಕವೆಲ್ಲ ಡಾಲರ್, ಡೈಮ್, ಕ್ವಾರ್ಟರ್‌ಗಳಲ್ಲಿ. ವ್ಯವಹಾರಜ್ಞಾನ ಬರಲಿ ಎಂದು ದೊಡ್ಡವನ ಕೈಗೆ ನೂರರ ನೋಟು ಕೊಟ್ಟು ಬೀದಿ ಕೊನೆಯ ಅಂಗಡಿಗೆ ಕೊತ್ತಂಬರಿ ತರಲು ಕಳಿಸಿದರು. ಅವನು ಚಿಲ್ಲರೆಗಾಗಿ ಕೈಯೊಡ್ಡಿ, "ಅಂಕಲ್, ಕ್ವಾರ್ಟರ್ ಇದ್ರೆ ಕೊಡಿ" ಅಂದ. ಅಂಗಡಿಯವರು ಅತ್ತಿತ್ತ ನೋಡಿ, "ಅದು ಇಲ್ಲಿ ಸಿಗಲ್ಲ ಮರಿ, ಪಕ್ಕದ ರೋಡಲ್ಲಿ. ಅಪ್ಪಂಗೇ ಬಂದು ತಗೊಳ್ಳೋಕೆ ಹೇಳು" ಅಂದರು. ಆ ಅಪ್ಪ ನಮ್ಮ ಸಭೆಯ ಖಜಾಂಚಿ. ಮುಂದಿನ ಭಾನುವಾರ ಕಾಣಿಕೆ ಎಣಿಸುವಾಗ ಜೊತೆಗೆ ಕೂತ ಹಿರಿಯರು ಇಬ್ಬರು.

ಆಮೇಲೆ ಷಾರ್ಲೆಟ್ ಮೇಸನ್ ಯುಗ. ಇಂಗ್ಲೆಂಡಿನ ಈ ಶಿಕ್ಷಣತಜ್ಞೆ (1842–1923) ಹೋಮ್‌ಸ್ಕೂಲ್ ತಾಯಂದಿರಿಗೆ ಬಹಳ ದೊಡ್ಡವರು. ಪಾಠ ಚಿಕ್ಕದಿರಲಿ, ಒಳ್ಳೆಯ ಪುಸ್ತಕ ಓದಿಸಿ, ಕೇಳಿದ್ದನ್ನು ಮಗು ತನ್ನ ಮಾತಿನಲ್ಲೇ ಹೇಳಲಿ, ಮಕ್ಕಳನ್ನು ಬಯಲಿಗೆ ಬಿಡಿ, ಕಂಡದ್ದನ್ನು ಬರೆದಿಡಲಿ ಎಂದವರು. ನನಗೇನೋ ಇದರಲ್ಲಿ ತಪ್ಪು ಕಾಣಲಿಲ್ಲ. ಹೆಡ್‌ಮಿಸ್‌ನ ಅತ್ತೆ, ಅಂದರೆ ಮಕ್ಕಳ ಅಜ್ಜಿ, ಮಾತ್ರ "ಆಯಮ್ಮಂಗೆ ಎಷ್ಟು ಮಕ್ಕಳು?" ಎಂದು ಕೇಳಿದರು. ಮದುವೆಯೇ ಆಗಿರಲಿಲ್ಲ ಎಂದು ತಿಳಿದ ಮೇಲೆ "ಅದಕ್ಕೇ" ಅಂದು ಸುಮ್ಮನಾದರು.

ಪ್ರಕೃತಿ ದಿನಚರಿ ಶುರುವಾಯಿತು. ಗೋಡೆಗೆ ಇಂಗ್ಲೆಂಡಿನ ಕಾಡುಹೂಗಳ ಚಾರ್ಟು, ರಾಬಿನ್ ಹಕ್ಕಿ, ಮುಳ್ಳುಹಂದಿಯ ತಮ್ಮನಂಥ ಒಂದು ಪ್ರಾಣಿ. ನೀರುಬಣ್ಣದ ಪೆಟ್ಟಿಗೆ ಹಿಡಿದು ಮೂವರೂ ಅಮ್ಮನ ಹಿಂದೆ ಸಾಲಾಗಿ ಹೊರಟರೆ ಬಯಲೆಂಬುದು ಸಿಗಬೇಕಲ್ಲ. ಸಿಕ್ಕಿದ್ದು ಬೇಲಿ ಹಾಕಿದ ಒಂದು ಸೈಟು, ಅದರಲ್ಲಿ ಒಂದು ಹೊಂಗೆಮರ, ಎರಡು ನಾಯಿ, ಕಟ್ಟಡದ ಮಣ್ಣು. ನಡುವಿನವಳು ತಾಳ್ಮೆಯಿಂದ ಹೊಂಗೆಹೂ ಬರೆದಳು. ದೊಡ್ಡವನ ದಿನಚರಿಯ ಮೊದಲ ಪುಟದಲ್ಲಿ ಜೆಸಿಬಿ. ಎರಡನೆಯದರಲ್ಲಿ ಜೆಸಿಬಿ ಮಲಗಿರುವ ಭಂಗಿ. ಮೂರನೆಯದರಲ್ಲಿ ಜೆಸಿಬಿ ಮತ್ತು ಅದರ ಆಹಾರ. ಚಿಕ್ಕದು ಬಣ್ಣ ತಿಂದಿತು. ದಾರಿಬದಿಯ ಗಿಡಗಳ ಹೆಸರು ಅಮ್ಮನಿಗೂ ಬಾರದು, ಫೋನಿನಲ್ಲಿ ಫೋಟೋ ಹಿಡಿದು ಹುಡುಕುತ್ತಾರೆ. ಹಿಂದೆ ತರಕಾರಿ ಚೀಲ ಹಿಡಿದು ಬರುತ್ತಿದ್ದ ಅಜ್ಜಿ ನಡೆಯುತ್ತಲೇ ತುಂಬೆ, ಉತ್ತರಾಣಿ, ಗರಿಕೆ, ಹೊನಗೊನ್ನೆ ಎಂದು ಹೇಳುತ್ತ ಮುಂದೆ ಹೋದರು. ಹೊನಗೊನ್ನೆಯನ್ನು ಕಿತ್ತು ಚೀಲಕ್ಕೂ ಹಾಕಿಕೊಂಡರು, ರಾತ್ರಿ ಪಲ್ಯವಾಯಿತು.

ಈ ಅಜ್ಜಿಯ ವಿಷಯ ಹೇಳದೆ ಹೆಡ್‌ಮಿಸ್ ವಿಷಯ ಮುಗಿಯುವುದಿಲ್ಲ. ಅವರು ಅಸಲಿ ಹೆಡ್‌ಮಿಸ್. ಮಿಷನ್ ಶಾಲೆಯೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಅವರು ತಿದ್ದಿದ ಮಕ್ಕಳಲ್ಲಿ ಒಬ್ಬರು ಈಗ ಅಯ್ಯನವರು, ಅಂದರೆ ಪಾದ್ರಿ, ಆಗಿದ್ದಾರೆ. ಪ್ರಸಂಗ ಮಾಡುವಾಗ ಮೊದಲ ಸಾಲಿನಲ್ಲಿ ಟೀಚರ್ ಕೂತಿದ್ದರೆ ಇವತ್ತಿಗೂ ಒತ್ತಕ್ಷರ ನೋಡಿಕೊಂಡು ಉಚ್ಚರಿಸುತ್ತಾರೆ. ಅಂಥವರ ಮೊಮ್ಮಕ್ಕಳು ಶಾಲೆಗೆ ಹೋಗುವುದಿಲ್ಲ. ಅಜ್ಜಿ ಜಗಳ ಆಡಲಿಲ್ಲ. ಹಾಲಿನ ಮೂಲೆಯಲ್ಲಿ ಅವರೇಕಾಯಿ ಸುಲಿಯುತ್ತ ಕೂತರು. ಮೂವತ್ತು ವರ್ಷ ಪರೀಕ್ಷೆಯ ಕೋಣೆಯಲ್ಲಿ ಅಡ್ಡಾಡಿದವರ ಮೌನ ಅದು.

ಸೊಸೆಯ ಆದರ್ಶ ಸುಸಾನ್ನಾ ವೆಸ್ಲಿ. ಮೆಥಡಿಸ್ಟ್ ಪಂಗಡಕ್ಕೆ ಮೂಲಪುರುಷನಾದ ಜಾನ್ ವೆಸ್ಲಿಯ ತಾಯಿ. ಹತ್ತೊಂಬತ್ತು ಹೆತ್ತು, ಉಳಿದ ಹತ್ತಕ್ಕೂ ಮನೆಯಲ್ಲೇ ಅಕ್ಷರ ಕಲಿಸಿದಾಕೆ. ಪ್ರಾರ್ಥನೆಗೆ ಏಕಾಂತ ಸಿಗದೆ ಏಪ್ರನ್ನನ್ನೇ ತಲೆ ಮೇಲೆ ಹೊದ್ದು ಕೂರುತ್ತಿದ್ದಳು, ಆಗ ಯಾವ ಮಗುವೂ ಮಾತಾಡಿಸುವಂತಿರಲಿಲ್ಲ ಅನ್ನುತ್ತಾರೆ. ಇದನ್ನು ಓದಿದ ದಿನವೇ ನಮ್ಮವರು ದುಪಟ್ಟಾ ತಲೆ ಮೇಲೆ ಎಳೆದುಕೊಂಡು ಅಡುಗೆಮನೆ ಮೂಲೆಯಲ್ಲಿ ಕೂತರು. ಚಿಕ್ಕದು ದುಪಟ್ಟಾ ಎತ್ತಿ "ಅಮ್ಮಾ, ಜೂಟಾ?" ಅಂದಿತು. ನಡುವಿನವಳು ತಮ್ಮನಿಗೆ ಗದರಿ ತಾನೂ ಒಳಗೆ ತೂರಿದಳು. ದೊಡ್ಡವನು ಹೊರಗಿನಿಂದ "ಆಮೆನ್ ಆಯ್ತಾ? ಕುಕ್ಕರ್ ನಾಲ್ಕು ಸಲ ಕೂಗ್ತು" ಎಂದು ವರದಿ ಒಪ್ಪಿಸಿದ.

ಅಜ್ಜಿ ಅವರೇಕಾಯಿ ತಟ್ಟೆಯಿಂದ ಕಣ್ಣೆತ್ತಿದರು. "ಸುಸಾನ್ನಾ ವಿಷಯ ನಾನೂ ಓದಿದೀನಿ ಕಣಮ್ಮಾ. ಗಂಡ ಸಾಲ ಮಾಡಿ ಜೈಲಿಗೂ ಹೋಗಿ ಬಂದ. ನಿನ್ನ ಚಾರ್ಟಲ್ಲಿ ಅದಿಲ್ಲ."

"ಅದು ಮುಖ್ಯ ಅಲ್ಲ ಅತ್ತೆ, ಮಕ್ಕಳನ್ನ ಮನೇಲಿ ಬೆಳೆಸಿದ್ದು ಮುಖ್ಯ."

"ಬೆಳೆಸಿದಳು, ಇಲ್ಲ ಅನ್ನಲ್ಲ. ಜಾನ್‌ಗೆ ಹತ್ತು ದಾಟಿದ್ದೇ ಲಂಡನ್ನಿನ ಚಾರ್ಟರ್‌ಹೌಸ್ ಸ್ಕೂಲಿಗೆ ಸೇರಿಸಿದರು. ಬೋರ್ಡಿಂಗು."

ಆ ದಿನ ಮಧ್ಯಾಹ್ನದ ಪಾಠ ಬೇಗ ಮುಗಿಯಿತು ಎಂದು ಕೇಳಿದ್ದೇನೆ.

ಕನ್ನಡ ಮಾತ್ರ ಅತ್ತೆಗೆ ಬಿಟ್ಟದ್ದು. ಅಮೆರಿಕದ ಪೆಟ್ಟಿಗೆಯಲ್ಲಿ ಕನ್ನಡ ಬಂದಿರಲಿಲ್ಲವಲ್ಲ. ಅಜ್ಜಿಯ ಹತ್ತಿರ ಇದ್ದ ಪಠ್ಯ ಒಂದೇ, ಬೈಂಡು ಕಿತ್ತ ಹಳೆಯ ಸತ್ಯವೇದ. ಅದನ್ನು ಮಕ್ಕಳು ಸರಾಗವಾಗಿ ಓದಲು ಕಲಿತವು. ಓದಿದಂತೆಯೇ ಮಾತಾಡಲೂ ಕಲಿತವು. ತರಕಾರಿ ಗಾಡಿಯವನ ಮುಂದೆ ಎಂಟು ವರ್ಷದ ಹುಡುಗ ನಿಂತು, "ಎಲೈ ಸಹೋದರನೇ, ಈ ಟೊಮೇಟೊವಿನಲ್ಲಿ ಹುಳುವಿದೆಯಲ್ಲಾ, ಇದಕ್ಕೆ ನೀನು ಏನನ್ನುತ್ತೀ?" ಅಂದರೆ ಅವನು ಏನು ತಾನೇ ಅಂದಾನು? ಹೆದರಿ ಎರಡು ಹೆಚ್ಚಿಗೆ ಹಾಕಿದ. ತಂಗಿ ಆಟೋದವರಿಗೆ "ನಮ್ಮನ್ನು ಲಿಂಗರಾಜಪುರದ ಮೇಲ್ಸೇತುವೆಯ ಬಳಿಗೆ ಸೇರಿಸುವಿರಾ?" ಎಂದಳಂತೆ. ಆತ ಮೀಟರ್ ಹಾಕಿದರು! ಬೆಂಗಳೂರಿನಲ್ಲಿ ಇದನ್ನು ಅದ್ಭುತಕಾರ್ಯಗಳ ಪಟ್ಟಿಗೆ ಸೇರಿಸಬಹುದು.

ಎಲ್ಲರೂ ಕೇಳುವ ಪ್ರಶ್ನೆ ಇನ್ನೊಂದಿದೆ: "ಮಕ್ಕಳು ನಾಲ್ಕು ಜನರ ಜೊತೆ ಬೆರೆಯೋದು ಯಾವಾಗ?" ಕೇಳುವವರು ಸಭೆಯ ಕ್ಯಾಲೆಂಡರ್ ನೋಡಿಲ್ಲ ಅಂತ ಕಾಣುತ್ತದೆ. ಭಾನುವಾರ ಸಂಡೇ ಸ್ಕೂಲು, ವಾರದ ನಡುವೆ ಮನೆಪ್ರಾರ್ಥನೆ, ಬೇಸಿಗೆಯಲ್ಲಿ ವಿಬಿಎಸ್ ಎಂಬ ರಜೆಯ ಬೈಬಲ್ ಶಾಲೆ, ಡಿಸೆಂಬರಿನಲ್ಲಿ ರಾತ್ರಿಯಿಡೀ ಕ್ಯಾರಲ್, ಸುಗ್ಗಿ ಹಬ್ಬದಲ್ಲಿ ಹರಾಜು. ಹೋದ ಸುಗ್ಗಿ ಹಬ್ಬದಲ್ಲಿ ಹತ್ತರಲ್ಲೊಂದು ಪಾಲು ದೇವರಿಗೆ ಎಂಬ ಪಾಠ ಆಗಷ್ಟೇ ಮುಗಿಸಿದ್ದ ದೊಡ್ಡವನು ಕೈಯೆತ್ತಿ ಎತ್ತಿ ಒಂದು ಕುಂಬಳಕಾಯಿಯನ್ನು ಅಪ್ಪನ ಹೆಸರಿಗೆ ಎರಡೂವರೆ ಸಾವಿರಕ್ಕೆ ಏರಿಸಿದ. ಶಾಲೆಗೆ ಹೋಗುವ ಮಕ್ಕಳಿಗೆ ಇವಕ್ಕೆಲ್ಲ ಹಾಜರಾತಿ ಅಡ್ಡ ಬರುತ್ತದೆ, ಈ ಮೂವರಿಗೆ ಬರುವುದಿಲ್ಲ. ಗೃಹಪ್ರವೇಶದ ಪ್ರಾರ್ಥನೆ, ಹುಷಾರಿಲ್ಲದವರ ಭೇಟಿ, ಮಣ್ಣು ಕೊಡುವುದು, ಎಲ್ಲಕ್ಕೂ ಅಮ್ಮನ ಜೊತೆ ಮೂರೂ ಹಾಜರ್. ಹೀಗಾಗಿ ಅವುಗಳ ಸ್ನೇಹಿತರೆಲ್ಲ ಎಪ್ಪತ್ತು ದಾಟಿದವರು. ನಡುವಿನವಳು ಪಕ್ಕ ಬಂದು ಕೂತರೆ ಗೊಂಬೆಯ ಮಾತಿಲ್ಲ; "ಆಂಟಿ, ಮಂಡಿ ನೋವು ಹೇಗಿದೆ? ಶುಗರ್ ಎಷ್ಟು ಬಂತು?" ಎಂದು ವಿಚಾರಿಸಿಕೊಳ್ಳುತ್ತಾಳೆ. ಸ್ತ್ರೀಯರ ಸಂಘದಲ್ಲಿ ಅವಳಿಗೆ ಬಹಳ ಬೇಡಿಕೆ.

ಆ ಮೂವರಿಗೆ ಅತಿ ಇಷ್ಟದ ಆಟ ಯಾವುದೆಂದು ಊಹಿಸಿ. ಸ್ಕೂಲಾಟ. ವಿಬಿಎಸ್‌ನಲ್ಲಿ ಗಂಟೆ, ಸಾಲು, ಹಾಜರಿ ಪುಸ್ತಕ ನೋಡಿ ಬಂದಾಗಿನಿಂದ ಹುಚ್ಚು ಹಿಡಿದಿದೆ. ದೊಡ್ಡವನು ಮೇಷ್ಟ್ರು, ಚಿಕ್ಕದು ತಡವಾಗಿ ಬರುವ ಹುಡುಗ. ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ನಿಂತವನಿಗೆ ಪರಮಾನಂದ.

ಕಾನೂನಿನ ಮಾತು ಬಂದರೆ ಗಂಡ ಎದ್ದು ನಿಲ್ಲುತ್ತಾರೆ, ಅವರ ಖಾತೆ ಅದೊಂದೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರವರೆಗಿನ ಮಕ್ಕಳದ್ದು, ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅನ್ನುತ್ತದೆ, ಸೇರಿಸದಿದ್ದರೆ ಅವರಿಗೆ ಶಿಕ್ಷೆ ಏನೆಂದು ಹೇಳುವುದಿಲ್ಲ, ಹತ್ತನೆಯದಕ್ಕೆ ರಾಷ್ಟ್ರೀಯ ಮುಕ್ತ ಶಾಲೆ ಇದ್ದೇ ಇದೆ ಎಂದು ಒಂದೇ ಉಸಿರಿಗೆ ಒಪ್ಪಿಸಿ ಕೂತುಬಿಡುತ್ತಾರೆ.

ನನಗೆ ಹೆಡ್‌ಮಿಸ್ ಅವರನ್ನು ನೋಡಿದಾಗಲೆಲ್ಲ ತಮಾಷೆ ಅನ್ನಿಸುವುದು ಬೇರೆಯದೇ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು, ಹಳೇ ಮೈಸೂರಿನಲ್ಲಿ ವೆಸ್ಲಿಯನ್ನರು ಊರೂರಲ್ಲಿ ಶಾಲೆ ತೆರೆದರು. ಮಿಷನ್ನಿನ ಹೆಂಗಸರು ಕೊಡೆ ಹಿಡಿದು ಮನೆಮನೆ ಬಾಗಿಲು ತಟ್ಟಿ, "ನಿಮ್ಮ ಹುಡುಗೀನ ಶಾಲೆಗೆ ಕಳಿಸಿ" ಎಂದು ಕಾಡಿದರು. ಊರವರು ನಕ್ಕರು, ಬೈದರು. ಇವರು ಮರುದಿನ ಮತ್ತೆ ಹೋದರು. ಆ ಶಾಲೆಗಳಲ್ಲಿ ಕಲಿತ ಮನೆತನದ ಸೊಸೆ ಈಗ ಅಷ್ಟೇ ಹಟದಿಂದ, ಅಷ್ಟೇ ನಗುಪಾಟಲಿಗೆ ಗುರಿಯಾಗಿ, "ಕಳಿಸಲ್ಲ" ಅನ್ನುತ್ತಾರೆ. ಸೊಸೆಯನ್ನು ಕಂಡರೆ ಅಜ್ಜಿಗೆ ಕೋಪ ಬರದಿರುವುದಕ್ಕೆ ಇದೇ ಕಾರಣವಿರಬೇಕು. ಒಂದು ಸಲ ನನ್ನ ಹತ್ತಿರ, "ನಮ್ಮ ಕಾಲದಲ್ಲಿ ಇದ್ದಿದ್ರೆ ಇವಳೊಬ್ಬಳೇ ಎರಡು ಶಾಲೆ ಕಟ್ಟೋಳು" ಅಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಸೊಸೆಗೆ ಇದನ್ನು ಹೇಳಬೇಡ ಎಂದೂ ಅಪ್ಪಣೆಯಾಯಿತು.

ನೀವು ಅವರ ಮನೆಗೆ ಹೋಗುವುದಿದ್ದರೆ ಮಧ್ಯಾಹ್ನ ಮೂರರ ಮೇಲೆ ಹೋಗಿ. ಆಗ ಹೆಡ್‌ಮಿಸ್ ಚಾಪೆ ಮೇಲೆ ಒರಗಿ ನಾಳೆಯ ಪಾಠ ತಯಾರು ಮಾಡುತ್ತ ನಿದ್ದೆ ಹೋಗಿರುತ್ತಾರೆ. ವೇಳಾಪಟ್ಟಿಯಲ್ಲಿ ಆ ಹೊತ್ತಿಗೆ "ಸ್ವತಂತ್ರ ಆಟ" ಎಂದಿದೆ. ಅಜ್ಜಿ ಅದರಲ್ಲಿ ಸದ್ದಿಲ್ಲದೆ ಮಗ್ಗಿ ಬಾಯಿಪಾಠ ಮಾಡಿಸುತ್ತಿರುತ್ತಾರೆ. ಚಾಕೊಲೇಟ್ ತೆಗೆದುಕೊಂಡು ಹೋಗಬೇಡಿ, ಅದನ್ನು ಭಿನ್ನರಾಶಿ ಮಾಡಿಬಿಡುತ್ತಾರೆ. ಹೊರಡುವ ಮುಂಚೆ ಹದಿಮೂರರ ಮಗ್ಗಿ ಒಂದು ಸಲ ನೆನಪು ಮಾಡಿಕೊಳ್ಳಿ. ಬಂದ ನೆಂಟರನ್ನೂ ಅಜ್ಜಿ ಬಿಡುವುದಿಲ್ಲ.